ಟ್ರಂಕಿನಿಂದ ಗೋಡೆಗೆ

ಓದುಗ ಸೋದರಿಯೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಮೂವತ್ತು–ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಸಿ, ಗೃಹಪ್ರವೇಶ ಮುಗಿದು ಆರು ತಿಂಗಳಾಗಿದೆಯಂತೆ. ಹಾಲ್‌ನಲ್ಲಿ ಪಿಒಪಿ ಸೀಲಿಂಗ್, ಅದರೊಳಗೆ ಅಡಗಿ ಕುಳಿತ ದೀಪಗಳು, ಬೂದು ಬಣ್ಣದ ಸೋಫಾ, ಗೋಡೆಯ ಮೇಲೆ ಓಡುತ್ತಿರುವ ಏಳು ಬಿಳಿ ಕುದುರೆಗಳು. ಎಲ್ಲವೂ ಕಂಟ್ರಾಕ್ಟರು ತೋರಿಸಿದ ಕ್ಯಾಟಲಾಗಿನಲ್ಲಿದ್ದಂತೆಯೇ ಬಂದಿದೆ. ‘ಬಂದವರೆಲ್ಲ ಹೋಟೆಲ್ ಇದ್ದ ಹಾಗಿದೆ ಅನ್ನುತ್ತಾರೆ. ಮೊದಮೊದಲು ಹೊಗಳಿಕೆ ಅಂತ ಖುಷಿಪಟ್ಟೆ’ ಎಂದು ಬರೆದು ಅಲ್ಲಿಗೇ ನಿಲ್ಲಿಸಿದ್ದಾರೆ. ಈಗ ಹಳ್ಳಿಯ ಮನೆ ಮಾರಿ ಅತ್ತೆಯವರು ಇವರಲ್ಲಿಗೇ ಬಂದಿದ್ದಾರೆ. ಅವರ ಜೊತೆ ಎರಡು ಕಬ್ಬಿಣದ ಟ್ರಂಕು. ಒಂದರಲ್ಲಿ ಸೇರು, ಪಾವು, ಹಿತ್ತಾಳೆ ಚೆಂಬು, ಕಪ್ಪಾದ ಒಂದು ಬಿದರಿ ಹೂದಾನಿ, ನಿಂತುಹೋದ ಗೋಡೆ ಗಡಿಯಾರ. ಇನ್ನೊಂದರಲ್ಲಿ ಕೌದಿ, ಪಟ್ಟದ ಗೊಂಬೆಗಳು, ಮತ್ತು ಬಿಸ್ಕತ್ತಿನ ಡಬ್ಬಿಯ ತುಂಬ ಫೋಟೊಗಳು. ‘ಇವನ್ನೆಲ್ಲ ಹೊರಗಿಟ್ಟರೆ ಮನೆ ಗುಜರಿ ಅಂಗಡಿ ಆಗುವುದಿಲ್ಲವೇ ಸಾರ್? ಇಡದಿದ್ದರೆ ಅತ್ತೆ ನೊಂದುಕೊಳ್ಳುತ್ತಾರೆ. ಅವರಿಗೆ ಇತ್ತೀಚೆಗೆ ಮರೆವು ಬೇರೆ ಶುರುವಾಗಿದೆ’ ಎಂಬುದು ಅವರ ಪ್ರಶ್ನೆ.

ಕೊನೆಯ ವಾಕ್ಯವನ್ನು ಅವರು ಪುಟದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ. ನನಗೆ ಇಡೀ ಕಾಗದದಲ್ಲಿ ಮುಖ್ಯವಾಗಿ ಕಂಡದ್ದು ಅದೇ. ಆದರೆ ಮೊದಲು ಹೋಟೆಲ್ಲಿನ ವಿಷಯ ಮುಗಿಸೋಣ.

ಹೋಟೆಲ್ಲಿನ ಕೋಣೆ ಚೆನ್ನಾಗಿಯೇ ಇರುತ್ತದೆ. ಇವತ್ತು ಒಬ್ಬರು, ನಾಳೆ ಇನ್ನೊಬ್ಬರು ಬಂದು ಮಲಗುವ ಜಾಗವಾದ್ದರಿಂದ ಅಲ್ಲಿ ಯಾರ ಗುರುತೂ ಉಳಿಯಬಾರದು. ಹಾಗೆಂದೇ ಅದನ್ನು ಸಜ್ಜುಗೊಳಿಸಿರುತ್ತಾರೆ. ಮನೆಯನ್ನೂ ಅದೇ ಲೆಕ್ಕದಲ್ಲಿ ಸಜ್ಜುಗೊಳಿಸಿದರೆ ಮನೆಯವರೇ ಅತಿಥಿಗಳಾಗಿಬಿಡುತ್ತಾರೆ. ನಾನು ಯಾರ ಮನೆಗೆ ಹೋದರೂ ಮನಸ್ಸಿನಲ್ಲೇ ಒಂದು ಸಣ್ಣ ಪರೀಕ್ಷೆ ಮಾಡುವುದುಂಟು (ಮೇಷ್ಟರ ಚಟ, ಬಿಡುವುದು ಕಷ್ಟ). ಷೋಕೇಸಿನಲ್ಲಿರುವ ಯಾವುದಾದರೂ ಒಂದು ವಸ್ತುವನ್ನು ತೋರಿಸಿ, ‘ಇದೇನಪ್ಪ?’ ಎಂದು ಮನೆಯ ಮಗುವನ್ನು ಕೇಳುತ್ತೇನೆ. ‘ಅದು ಆನ್‌ಲೈನ್‌ನಲ್ಲಿ ತರಿಸಿದ್ದು’ ಎಂದರೆ ಮಾತು ಅಲ್ಲಿಗೆ ಮುಗಿಯಿತು. ‘ಅದು ನಮ್ಮ ತಾತ...’ ಎಂದು ಶುರುವಾದರೆ ಕಾಫಿ ಆರುವ ತನಕ ಕಥೆ ಕೇಳಬಹುದು.

ಹಾಗೆಂದು ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಾದ ವಸ್ತುವಿಗೆ ಕಥೆ ಇರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ಶುರುಮಾಡಿದ ಮೇಲೆ ಒಂದೇ ಲಕ್ಷ್ಮಿ, ಒಂದೇ ಸರಸ್ವತಿ ದೇಶದ ಅದೆಷ್ಟೋ ಮನೆಗಳ ಗೋಡೆ ಏರಿದರು. ಎಲ್ಲ ಮನೆಯಲ್ಲೂ ಅದೇ ಚಿತ್ರ! ಆದರೆ ಹೆಂಗಸರು ಸುಮ್ಮನೆ ಕೂರಲಿಲ್ಲ. ಚಿತ್ರದ ಲಕ್ಷ್ಮಿಯ ಸೀರೆಗೆ ಜರಿ ಅಂಟಿಸಿದರು, ಕೊರಳಿಗೆ ಮಣಿ ಪೋಣಿಸಿ ಹೊಲಿದರು, ಅಂಚಿಗೆ ಚಮಕಿ ಹಚ್ಚಿದರು. ಹಳೆಯ ಮನೆಗಳಲ್ಲಿ ಇಂಥ ಪಟಗಳು ಇವತ್ತಿಗೂ ಸಿಗುತ್ತವೆ. ಅಂಗಡಿಯ ಸರಕು ಒಂದು ಮನೆಯ ಲಕ್ಷ್ಮಿಯಾದದ್ದು ಆ ಸೂಜಿದಾರದಿಂದ. ಆದ್ದರಿಂದ ಸೋದರಿಯವರು ಏಳು ಕುದುರೆಗಳನ್ನು ಹೊರಗೆ ಎಸೆಯಬೇಕಾಗಿಲ್ಲ. ಗೋಡೆಯಲ್ಲಿ ಅವು ಸ್ವಲ್ಪ ಸರಿದು ಜಾಗ ಕೊಟ್ಟರೆ ಸಾಕು.

ನಮ್ಮ ಹಿರಿಯರು ಮನೆ ಅಲಂಕಾರ ಎಂದು ಬೇರೆಯಾಗಿ ದುಡ್ಡು ಎತ್ತಿಟ್ಟವರಲ್ಲ. ಮದುವೆಯೋ ಹಬ್ಬವೋ ಬಂದಾಗ ಮನೆಯ ಗೋಡೆಯೇ ಮಾತಾಡುವಂತೆ ಮಾಡುತ್ತಿದ್ದರು. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬದ ಕಡೆ ದೀವರ ಮನೆಗಳ ಹಸೆ ಚಿತ್ತಾರವನ್ನು ನೋಡಿದವರಿಗೆ ನಾನು ಹೇಳುವುದು ಗೊತ್ತಾಗುತ್ತದೆ. ಮದುವೆಗೆ ಮುಂಚೆ ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಬಿಳಿ ಗೆರೆಗಳಲ್ಲಿ ಹಸೆ ಬರೆಯುತ್ತಾರೆ. ಬರೆಯುವವರು ಹೆಂಗಸರು, ಚಿತ್ತಾರಗಿತ್ತಿಯರು ಎಂದೇ ಅವರಿಗೆ ಹೆಸರು. ಕುಂಚ ಪುಂಡಿನಾರಿನದು. ಅಕ್ಕಿ ನೆನೆಸಿ ಅರೆದರೆ ಬಿಳಿ, ಅದೇ ಅಕ್ಕಿಯನ್ನು ಸೀದು ಹೋಗುವಂತೆ ಹುರಿದು ಅರೆದರೆ ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಪೇಟೆಯಿಂದ ಕೊಂಡು ತರುವ ಬಣ್ಣ ಒಂದೂ ಇಲ್ಲ. ಗೆರೆಗಳು ಅಡ್ಡ, ಉದ್ದ, ಓರೆಯಾಗಿ ಹೆಣೆದುಕೊಂಡು ನೋಡುವುದಕ್ಕೆ ಜಾಮಿಟ್ರಿ ಪುಸ್ತಕದಂತೆ ಕಾಣುತ್ತವೆ. ಆದರೆ ಚಿತ್ತಾರ ಬರೆದವರನ್ನು ಕೇಳಿದರೆ ಅದರಲ್ಲಿ ಬಾಸಿಂಗ ಇದೆ, ದಂಡಿಗೆ ಇದೆ, ಬತ್ತದ ತೆನೆ ಇದೆ, ಹಕ್ಕಿ ಇದೆ, ಮಧ್ಯದಲ್ಲಿ ಮದುಮಕ್ಕಳೂ ಇದ್ದಾರೆ. ಗಂಡು ಹೆಣ್ಣನ್ನು ಆ ಗೋಡೆಯ ಮುಂದೆಯೇ ಕೂರಿಸಿ ಶಾಸ್ತ್ರ ಮಾಡುತ್ತಾರೆ. ಆ ಮನೆಯಲ್ಲಿ ಮದುವೆಯಾಯಿತು ಎಂಬುದಕ್ಕೆ ಗೋಡೆಯೇ ಸಾಕ್ಷಿ, ಆಲ್ಬಂ ಬೇಕಾಗಿರಲಿಲ್ಲ.

ಈಗ ಹಸೆ ಚಿತ್ತಾರ ಹಲಗೆ, ಬಟ್ಟೆ, ಕಾಗದದ ಮೇಲೆ ಪಟ್ಟಣಕ್ಕೂ ಬಂದಿದೆ. ಕೊಳ್ಳುವುದರಲ್ಲಿ ತಪ್ಪೇನಿಲ್ಲ, ಬರೆದವರಿಗೆ ನಾಲ್ಕು ಕಾಸು ಸಿಗಲಿ. ಆದರೆ ಕೊಳ್ಳುವಾಗ ಎರಡು ನಿಮಿಷ ನಿಂತು, ಬರೆದವರ ಹೆಸರು ಮತ್ತು ಆ ಚಿತ್ತಾರದ ಹೆಸರು ಕೇಳಿಕೊಳ್ಳಿ. ಅಷ್ಟು ಕೇಳದೆ ತಂದರೆ ಅದೂ ಕುದುರೆಗಳ ಪಕ್ಕದಲ್ಲಿ ಎಂಟನೆಯ ಕುದುರೆ.

ಇಲ್ಲಿ ಸ್ವಲ್ಪ ವಿಜ್ಞಾನಕ್ಕೆ ಅವಕಾಶ ಕೊಡಬೇಕು. ಕೆಮ್ಮಣ್ಣು ಎಂದರೆ ಕಬ್ಬಿಣದ ಆಕ್ಸೈಡು ಬೆರೆತ ಮಣ್ಣು. ಕಬ್ಬಿಣ ಆಮ್ಲಜನಕದೊಡನೆ ಪೂರ್ತಿಯಾಗಿ ಕೂಡಿ ಆಗಿಹೋಗಿರುವುದರಿಂದ ಗಾಳಿ ಅದಕ್ಕೆ ಹೊಸದಾಗಿ ಏನೂ ಮಾಡಲಾರದು, ಬಿಸಿಲೂ ಅಷ್ಟೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಪ್ರಾಗಿತಿಹಾಸ ಕಾಲದ ಜನ ಕೆಂಪು ಬಣ್ಣದಲ್ಲಿ ಬರೆದ ಚಿತ್ರಗಳು ಇನ್ನೂ ಕಾಣುವುದು ಇದರಿಂದಲೇ. ಸುಟ್ಟ ಅಕ್ಕಿಯ ಕಪ್ಪೂ ಹಾಗೆಯೇ, ಅದು ಇಂಗಾಲ, ಬೆಳಕಿಗೆ ಜಗ್ಗುವುದಿಲ್ಲ. ಸಸ್ಯದಿಂದ ತೆಗೆದ ಬಣ್ಣಗಳು ಸಾಮಾನ್ಯವಾಗಿ ಇಷ್ಟು ಗಟ್ಟಿಯಲ್ಲ. ಬೆಳಕಿನ ಶಕ್ತಿ ಅವುಗಳ ಅಣುಗಳನ್ನು ಮುರಿಯುತ್ತದೆ, ಬಣ್ಣ ಮಾಸುತ್ತದೆ. ಈ ವ್ಯತ್ಯಾಸ ತಿಳಿದಿದ್ದರೆ ಯಾವುದನ್ನು ಕಿಟಕಿಯ ಎದುರಿಗಿಡಬಹುದು, ಯಾವುದನ್ನು ಇಡಬಾರದು ಎಂದು ನೀವೇ ತೀರ್ಮಾನಿಸಬಹುದು.

ರೆಡ್ ಆಕ್ಸೈಡ್ ನೆಲದ ಕೆಂಪೂ ಇದೇ ಕಬ್ಬಿಣದ ಆಕ್ಸೈಡಿನದು. ಸೋದರಿಯವರ ಹಳ್ಳಿಮನೆಯ ನಡುಮನೆಯಲ್ಲಿ ಅಂಥ ನೆಲವಿತ್ತಂತೆ, ಮುಖ ಕಾಣುವಷ್ಟು ಹೊಳೆಯುತ್ತಿತ್ತಂತೆ. ಅದನ್ನು ಕಿತ್ತು ತರಲಾಗುವುದಿಲ್ಲ. ಆದರೆ ಹೊಸ ಮನೆಯ ಹಿತ್ತಲ ಬಾಗಿಲ ಬಳಿ ಮೂರಡಿ ಉದ್ದದ ಕಟ್ಟೆಯೊಂದಕ್ಕೆ ರೆಡ್ ಆಕ್ಸೈಡ್ ಹಾಕಿಸಬಹುದಲ್ಲ! ಅನುಭವವಿರುವ ಗಾರೆ ಕೆಲಸದವರನ್ನೇ ಹುಡುಕಿ. ಒಂದೇ ಏಟಿಗೆ ಎಳೆದು ಉಜ್ಜುವ ಕೈ ಎಲ್ಲರಿಗೂ ಒಲಿಯುವುದಿಲ್ಲ. ಅತ್ತೆಯವರು ಸೊಪ್ಪು ಸೋಸುತ್ತ ಕೂರುವುದಕ್ಕೆ ಬೂದು ಸೋಫಾಕ್ಕಿಂತ ಆ ಕಟ್ಟೆ ಹಿತ.

ಈಗ ಟ್ರಂಕು ತೆಗೆಯೋಣ.

ಎಲ್ಲವನ್ನೂ ಒಟ್ಟಿಗೆ ಹೊರಗೆ ಇಟ್ಟರೆ ಗುಜರಿ ಅಂಗಡಿಯಾಗುತ್ತದೆ ಎಂಬ ಅವರ ಭಯ ಸರಿಯಾದದ್ದೇ. ಇದಕ್ಕೆ ಉತ್ತರ ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ, ಎರಡನೆಯ ಟ್ರಂಕಿನಲ್ಲಿಯೇ ಇದೆ. ಮೈಸೂರು ಸೀಮೆಯಲ್ಲಿ ನವರಾತ್ರಿ ಬಂತೆಂದರೆ ಅಟ್ಟದಿಂದ ಗೊಂಬೆಗಳು ಇಳಿಯುತ್ತವೆ. ಮೆಟ್ಟಿಲು ಜೋಡಿಸಿ, ಬಿಳಿ ಪಂಚೆ ಹಾಸಿ, ಮೇಲೆ ಪಟ್ಟದ ಗೊಂಬೆಗಳನ್ನು ಕೂರಿಸುತ್ತಾರೆ. ತವರಿನವರು ಮದುವೆಯಲ್ಲಿ ಮಗಳಿಗೆ ಕೊಟ್ಟು ಕಳುಹಿಸುವ ರಾಜ–ರಾಣಿ ಅವು. ಕೆಳಗೆ ದಶಾವತಾರ, ಶೆಟ್ಟಿ–ಶೆಟ್ಟಿತಿ, ಅವರ ಮುಂದೆ ಅಕ್ಕಿ ಬೇಳೆಯ ಅಂಗಡಿ, ಚನ್ನಪಟ್ಟಣದ ಬಣ್ಣದ ಗೊಂಬೆಗಳು, ಮಕ್ಕಳು ರಾಗಿ ಪೈರು ಬೆಳೆಸಿ ಮಾಡಿದ ಹೊಲ. ಸಂಜೆ ಮಕ್ಕಳು ಮನೆಮನೆಗೆ ಬರುತ್ತಾರೆ. ‘ಈ ಗೊಂಬೆ ಎಲ್ಲಿಯದು?’ ಎಂದು ಯಾರಾದರೂ ಕೇಳುತ್ತಾರೆ. ಮನೆಯಾಕೆ ಹೇಳುತ್ತಾಳೆ. ಪ್ರತಿ ವರ್ಷ ಅದೇ ಪ್ರಶ್ನೆ, ಅದೇ ಉತ್ತರ, ಪಕ್ಕದಲ್ಲಿ ಕೂತ ಮಗಳಿಗೆ ಬಾಯಿಪಾಠ. ಹಬ್ಬ ಮುಗಿದ ಮೇಲೆ ರಾಜ–ರಾಣಿಯನ್ನು ಮಲಗಿಸಿ, ಹಳೆಯ ಪಂಚೆಯಲ್ಲಿ ಸುತ್ತಿ, ಮತ್ತೆ ಅಟ್ಟಕ್ಕೆ. ವರ್ಷವಿಡೀ ಕಣ್ಣ ಮುಂದಿದ್ದರೆ ಯಾರೂ ಕೇಳುತ್ತಿರಲಿಲ್ಲ, ಯಾರೂ ಹೇಳುತ್ತಿರಲಿಲ್ಲ.

ದೊಡ್ಡ ವಸ್ತುಸಂಗ್ರಹಾಲಯಗಳು ಮಾಡುವುದೂ ಹೀಗೆಯೇ. ತಮ್ಮಲ್ಲಿರುವುದರಲ್ಲಿ ಒಂದು ಪಾಲನ್ನು ಮಾತ್ರ ಹೊರಗಿಟ್ಟು, ಬಟ್ಟೆ, ಕಾಗದ, ಚಿತ್ರಗಳನ್ನು ಸರದಿಯಂತೆ ಬದಲಾಯಿಸುತ್ತಾರೆ. ಬೆಳಕಿನಿಂದ ಆಗುವ ಹಾನಿ ಸಾಲದ ಬಡ್ಡಿಯಂತೆ ಕೂಡುತ್ತಲೇ ಹೋಗುತ್ತದೆ, ಕತ್ತಲಲ್ಲಿಟ್ಟರೆ ವಾಪಸು ಬರುವುದಿಲ್ಲ. ಆದ್ದರಿಂದ ಹಾಲ್‌ನಲ್ಲಿ ಒಂದೇ ಒಂದು ಕಪಾಟಿನ ಗೂಡು, ಅಥವಾ ಎರಡಡಿ ಹಲಗೆ, ಇದಕ್ಕೆಂದು ಬಿಡಿ. ಅದರಲ್ಲಿ ಒಂದು ಸಲಕ್ಕೆ ಮೂರು ವಸ್ತು. ಯುಗಾದಿಗೆ ಒಂದು ಸರದಿ, ಗೌರಿಗೆ ಒಂದು, ಸಂಕ್ರಾಂತಿಗೆ ಒಂದು. ಬದಲಾಯಿಸುವ ಕೆಲಸ ಮಕ್ಕಳದು.

ಮೊದಲ ಸರದಿಗೆ ನನ್ನ ಓಟು ಸೇರು ಪಾವಿಗೆ. ನಾಲ್ಕು ಪಾವಿಗೆ ಒಂದು ಸೇರು. ಆದರೆ ಒಂದು ಸೀಮೆಯ ಸೇರು ಇನ್ನೊಂದು ಸೀಮೆಯ ಸೇರಿಗೆ ಸಮನಾಗಿರಲಿಲ್ಲ! ಈ ಗೊಂದಲ ನೀಗಿಸಲೆಂದೇ 1956ರಲ್ಲಿ ತೂಕ ಮತ್ತು ಅಳತೆಗಳ ಕಾಯಿದೆ ಬಂದು, 1958ರ ಅಕ್ಟೋಬರ್‌ನಿಂದ ಹಂತಹಂತವಾಗಿ ಮೆಟ್ರಿಕ್ ಪದ್ಧತಿ ಜಾರಿಯಾಯಿತು. ಅಂಗಡಿಯಲ್ಲಿ ಕಿಲೋ ಬಂದ ಮೇಲೂ ಅಡುಗೆಮನೆಯಲ್ಲಿ ಪಾವು ಸೋಲಲಿಲ್ಲ. ‘ಒಂದು ಪಾವು ಅಕ್ಕಿ ಇಡು’ ಎನ್ನುವ ಮಾತು ಇವತ್ತಿಗೂ ಇದೆ. ಮಕ್ಕಳ ಕೈಯಲ್ಲಿ ಆ ಪಾವಿಗೆ ಕಂಠದ ತನಕ ನೀರು ತುಂಬಿಸಿ, ಅಳತೆ ಲೋಟದಲ್ಲಿ ಸುರಿದು ಎಷ್ಟು ಮಿಲಿಲೀಟರ್ ಎಂದು ನೋಡಲು ಹೇಳಿ. ಆಮೇಲೆ ಅಜ್ಜಿಯನ್ನು ಕೇಳಲಿ: ದಿನಕ್ಕೆ ಎಷ್ಟು ಪಾವು ಅಕ್ಕಿ ಬೇಯುತ್ತಿತ್ತು, ಎಷ್ಟು ಎಲೆ ಬೀಳುತ್ತಿತ್ತು, ಸುಗ್ಗಿಯಲ್ಲಿ ಆಳುಗಳಿಗೆ ಎಷ್ಟು ಸೇರು ಅಳೆಯುತ್ತಿದ್ದರು? ಆ ಮನೆಯ ಇಡೀ ಬದುಕು ಆ ಪುಟ್ಟ ಪಾತ್ರೆಯೊಳಗಿನಿಂದ ಹೊರಬರುತ್ತದೆ.

ಬಿದರಿ ಹೂದಾನಿಯ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಹಿತ್ತಾಳೆ ಚೆಂಬನ್ನು ಹುಣಸೆಹಣ್ಣು ಹಾಕಿ ತಿಕ್ಕಿದ ಕೈ ಅದೇ ರಭಸದಲ್ಲಿ ಬಿದರಿಗೂ ಹೋದೀತು. ಬೇಡ! ಬಿದರಿ ಪಾತ್ರೆ ಬಹುಪಾಲು ಸತು, ಜೊತೆಗೆ ಸ್ವಲ್ಪ ತಾಮ್ರ. ಬೀದರ ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿ ಕುದಿಸಿದ ನೀರಿನಲ್ಲಿ ಅದ್ದಿದಾಗ ಸತುವಿನ ಮೈ ಕಪ್ಪಾಗುತ್ತದೆ, ಕೂರಿಸಿದ ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಕರಿ ಮೋಡದಲ್ಲಿ ಮಿಂಚಿನ ಹಾಗೆ. ಆ ಕಪ್ಪು ಕೊಳೆಯಲ್ಲ, ಅದೇ ಕಲೆ. ಹುಣಸೆಹಣ್ಣಿನ ಆಮ್ಲ ಅದನ್ನು ತಿಂದುಹಾಕುತ್ತದೆ. ಮೆತ್ತನೆ ಬಟ್ಟೆಯಲ್ಲಿ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ ಒರೆಸಿದರೆ ಸಾಕು.

ಕೌದಿಯನ್ನು ಟ್ರಂಕಿನಲ್ಲೇ ಮಡಿಸಿಡುವುದು ಅನ್ಯಾಯ. ಅದರಲ್ಲಿ ಯಾರ ಯಾರ ಸೀರೆಯ ತುಂಡುಗಳಿವೆಯೋ! ಹಳೆಯ ಬಟ್ಟೆಯ ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ ಶಾಖವನ್ನು ಹೊರಬಿಡುವುದಿಲ್ಲ. ಕೌದಿ ಬೆಚ್ಚಗಿರುವ ಗುಟ್ಟು ಅಷ್ಟೆ. ಅಂಗಡಿಯ ರಜಾಯಿಯದೂ ಅದೇ ಗುಟ್ಟು, ಆದರೆ ಅದನ್ನು ಹೊದ್ದ ಮಗು ‘ಇದು ಅತ್ತೆಯ ಮದುವೆ ಸೀರೆ’ ಎಂದು ಬೆರಳಿಟ್ಟು ತೋರಿಸಲಾರದು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರ ಕೌದಿಗೆ ನಾಲ್ಕು ಮೂಲೆಯಲ್ಲೂ ತ್ರಿಕೋನವಾಗಿ ಮಡಚಿದ ಬಟ್ಟೆಯ ‘ಫೂಲ’ ಇರಲೇಬೇಕು, ಇಲ್ಲದಿದ್ದರೆ ಕೌದಿ ಪೂರ್ತಿಯಾಗಲಿಲ್ಲ ಎಂದೇ ಅವರ ಲೆಕ್ಕ. ಆಫ್ರಿಕದಿಂದ ಬಂದ ಪೂರ್ವಜರ ಮಕ್ಕಳು ನಮ್ಮ ಕಾಡಿನ ಅಂಚಿನಲ್ಲಿ ಕೂತು ಹೊಲಿಯುವ ಆ ಬಣ್ಣಗಾರಿಕೆಯನ್ನು ಇವತ್ತು ಕಲಾವಿದರೂ ಬೆರಗಿನಿಂದ ನೋಡುತ್ತಾರೆ. ನಿಮ್ಮ ಕೌದಿಯನ್ನು ಮಂಚದ ಕಾಲ ಬಳಿ ಮಡಿಸಿ ಹಾಸಿ, ಅಥವಾ ಮೇಲಂಚಿಗೆ ಬಟ್ಟೆಯ ತೋಳು ಹೊಲಿದು ಕೋಲು ತೂರಿಸಿ ಗೋಡೆಗೆ ತೂಗುಹಾಕಿ. ಮೊಳೆ ಹೊಡೆದು ಸಿಕ್ಕಿಸಬೇಡಿ. ಅದರ ಭಾರವೆಲ್ಲ ಆ ಎರಡು ತೂತುಗಳ ಮೇಲೆ ಬೀಳುತ್ತದೆ. ವಾಪಸು ಇಡುವಾಗ ಗಂಜಿ ಹಾಕಬೇಡಿ. ಬೆಳ್ಳಿಮೀನೆಂಬ ಆ ಹುಳುವಿಗೆ ಗಂಜಿ ಎಂದರೆ ಮದುವೆ ಊಟ. ಪ್ರತಿ ಸಲ ಬೇರೆ ಜಾಗದಲ್ಲಿ ಮಡಿಸಿದರೆ ಮಡಿಕೆಯಲ್ಲಿ ಎಳೆ ಮುರಿಯುವುದಿಲ್ಲ.

ಗಡಿಯಾರವನ್ನು ರಿಪೇರಿ ಮಾಡುವವರು ಊರಿನಲ್ಲಿ ಒಬ್ಬರಾದರೂ ಇನ್ನೂ ಇರುತ್ತಾರೆ. ಒಂದು ಮೀಟರ್ ಉದ್ದದ ಲೋಲಕ ಆ ಕಡೆಯಿಂದ ಈ ಕಡೆಗೆ ಬರಲು ಒಂದು ಸೆಕೆಂಡು. ಕಾಲು ಮೀಟರ್ ಆದರೆ ಅರ್ಧ ಸೆಕೆಂಡು. ತೂಗುಹಾಕುವಾಗ ಕಣ್ಣಿಗಿಂತ ಕಿವಿ ನಂಬಿ. ‘ಟಿಕ್’ ಮತ್ತು ‘ಟಕ್’ ನಡುವಿನ ಅಂತರ ಎರಡೂ ಕಡೆ ಸಮವಾಗಿ ಕೇಳಿದರೆ ಗಡಿಯಾರ ಸರಿಯಾಗಿ ಕೂತಿದೆ ಎಂದರ್ಥ. ಅತ್ತೆಯವರಿಗೆ ಹೊಸ ಮನೆಯಲ್ಲಿ ನಿದ್ದೆ ಬರುತ್ತಿಲ್ಲ ಎಂದು ಬರೆದಿದ್ದೀರಿ. ನಲವತ್ತು ವರ್ಷ ಆ ಸದ್ದಿನಲ್ಲಿ ಮಲಗಿದವರಿಗೆ ಈಗಿನ ಮೌನವೇ ತೊಂದರೆಯಾಗಿರಬಹುದು. ಒಂದು ಸಲ ಪರೀಕ್ಷಿಸಿ ನೋಡಿ.

ಬಾಡಿಗೆ ಮನೆಯವರು ಇಷ್ಟು ಹೊತ್ತಿಗೆ ಪತ್ರಿಕೆ ಮಡಿಸಿಟ್ಟಿರಬಹುದು. ‘ಗೋಡೆಗೆ ಮೊಳೆ ಹೊಡೆಯಬಾರದು’ ಎನ್ನುವುದು ಅಡ್ವಾನ್ಸ್ ಕೊಡುವಾಗಲೇ ಓನರ್ ಹೇಳುವ ಮೊದಲ ಷರತ್ತು. ಅಂಥವರಿಗೆ ಹಳೆಯ ಮರದ ಸ್ಟೂಲೊಂದು ಸಾಕು. ಅದರ ಮೇಲೆ ವಸ್ತು, ಅದರ ಹಿಂದೆ ಗೋಡೆಗೆ ಒರಗಿಸಿದ ಫೋಟೊ. ಮನೆ ಬದಲಾದಾಗ ಸ್ಟೂಲೂ ಬರುತ್ತದೆ, ಕಥೆಯೂ ಬರುತ್ತದೆ.

ಗೋಡೆ ತನ್ನಷ್ಟಕ್ಕೇ ಕಥೆ ಬರೆದುಕೊಳ್ಳುವುದೂ ಉಂಟು. ನನ್ನ ಬಂಧುಗಳ ಮನೆಯೊಂದರಲ್ಲಿ ಅಡುಗೆಮನೆ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್ ಗೆರೆಗಳ ಒಂದು ಏಣಿಯಿತ್ತು. ಪ್ರತಿ ಯುಗಾದಿಗೆ ಮಕ್ಕಳನ್ನು ನಿಲ್ಲಿಸಿ ಎತ್ತರ ಗುರುತಿಸಿದ್ದು. ಪಕ್ಕದಲ್ಲಿ ಹೆಸರು, ವರ್ಷ. ಮೊಮ್ಮಗಳ ಮದುವೆಗೆಂದು ಬಣ್ಣ ಹೊಡೆಯಲು ಬಂದ ಹುಡುಗ ಮರಳು ಕಾಗದ ಹಿಡಿದು ಚೌಕಟ್ಟಿನ ಮುಂದೆ ನಿಂತ. ಮನೆಯ ಅಜ್ಜಿ ಒಳಗಿನಿಂದ ಬಂದು ಏನೂ ಹೇಳದೆ ಆ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತುಬಿಟ್ಟರು. ಆ ಏಣಿಯಲ್ಲಿ ಒಂದು ಹೆಸರಿನ ಗೆರೆಗಳು ಮೂರಡಿ ದಾಟಿ ಮುಂದೆ ಹೋಗುವುದಿಲ್ಲ. ಹುಡುಗನಿಗೆ ಅದನ್ನು ಯಾರೂ ವಿವರಿಸಲಿಲ್ಲ. ಅವನೂ ಕೇಳಲಿಲ್ಲ, ಆ ಕಡೆಯ ಮರವೊಂದನ್ನು ಬಿಟ್ಟು ಉಳಿದ ಮನೆಗೆಲ್ಲ ಬಣ್ಣ ಹೊಡೆದ. ಇಂದಿಗೂ ಆ ಚೌಕಟ್ಟಿನ ಒಂದು ಕಾಲು ಹಳೆಯ ಬಣ್ಣದಲ್ಲೇ ಇದೆ. ಒಳಾಂಗಣ ವಿನ್ಯಾಸದ ಯಾವ ಪುಸ್ತಕವೂ ಇದನ್ನು ಒಪ್ಪಲಾರದು. ಆ ಮನೆಯಲ್ಲಿ ನಾನು ಮೊದಲು ನೋಡುವುದು ಅದನ್ನೇ. (ಹೊಸ ಮನೆಯಲ್ಲಿ ನೀವೂ ಶುರುಮಾಡುವುದಾದರೆ ಒಂದು ಸೂಚನೆ: ಪ್ರತಿ ಸಲ ಬೆಳಗ್ಗೆಯೇ ಅಳೆಯಿರಿ. ಸಂಜೆಯ ಹೊತ್ತಿಗೆ ಬೆನ್ನೆಲುಬಿನ ಬಿಲ್ಲೆಗಳು ಒತ್ತಿಕೊಂಡು ನಾವೆಲ್ಲ ಸುಮಾರು ಒಂದು ಸೆಂಟಿಮೀಟರ್ ಕುಳ್ಳರಾಗಿರುತ್ತೇವೆ.)

ಚೌಕಟ್ಟನ್ನು ಕಾಯುವ ಅಜ್ಜಿ ಎಲ್ಲ ಮನೆಯಲ್ಲೂ ಇರುವುದಿಲ್ಲ. ಪಾಲು ಹಂಚಿಕೆಯಲ್ಲೋ ರಸ್ತೆ ಅಗಲೀಕರಣದಲ್ಲೋ ಹಳೆಯ ಮನೆ ಕೆಡವಿದಾಗ ಕಂಬ, ಬೋದಿಗೆ, ಬಾಗಿಲು ಎಲ್ಲವೂ ಮರದ ಲೆಕ್ಕದಲ್ಲಿ ಮಾರಾಟವಾಗುತ್ತವೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಎಂಬುವರಿದ್ದರು. ಬ್ಯಾಂಕ್ ಉದ್ಯೋಗಿ. ಹೀಗೆ ನೆಲಕ್ಕುರುಳುವ ಮನೆಗಳನ್ನು ಕಂಡು ತಡೆಯಲಾರದೆ, ಅವುಗಳ ಮರಮುಟ್ಟು ಬಿಚ್ಚಿಸಿ ತಂದು ಮತ್ತೆ ಕಟ್ಟಿಸುವ ಹುಚ್ಚು ಹಿಡಿಸಿಕೊಂಡರು. ಅವರು 2017ರಲ್ಲಿ ತೀರಿಕೊಂಡರು. ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಕುಂಜೂರು ಚೌಕಿ ಮನೆ, ಕುಕನೂರಿನ ಕಮಲ ಮಹಲ್ ಮೊದಲಾದವು ಇಂದು ನಿಂತಿರುವುದು ಅವರ ಹಟದಿಂದ. ಅಲ್ಲಿಗೆ ಹೋದವರು ಕುಸುರಿ ಕೆಲಸ ನೋಡಿ ಬೆರಗಾಗುತ್ತಾರೆ. ನನಗಾದರೋ ಮಧ್ಯಾಹ್ನದ ಊಟವಾದ ಮೇಲೆ ಯಾರು ಯಾವ ಕಂಬಕ್ಕೆ ಒರಗುತ್ತಿದ್ದರು ಎಂದು ತಿಳಿಯುವ ಆಸೆ. ಅದನ್ನು ಬಿಚ್ಚಿ ತರುವ ಬಡಗಿ ಇಲ್ಲ. ಅದು ಇರುವುದು ಆ ಮನೆಯಲ್ಲಿ ಬಾಳಿದವರ ತಲೆಯಲ್ಲಿ ಮಾತ್ರ.

ಇನ್ನು ಬಿಸ್ಕತ್ತಿನ ಡಬ್ಬಿ. ಸೋದರಿಯವರೇ, ಮೇಲೆ ಹೇಳಿದ ಬೇರೆಲ್ಲವೂ ಆರು ತಿಂಗಳು ಕಾದರೆ ನಷ್ಟವಿಲ್ಲ, ಈ ಡಬ್ಬಿ ಮಾತ್ರ ಕಾಯುವುದಿಲ್ಲ. ಹಳೆಯ ಕಪ್ಪು–ಬಿಳುಪು ಫೋಟೊಗಳಲ್ಲಿ ಚಿತ್ರವಾಗಿರುವುದು ಬೆಳ್ಳಿಯ ಸೂಕ್ಷ್ಮ ಕಣಗಳು. ಚೆನ್ನಾಗಿ ತೊಳೆದು ತಯಾರಿಸಿದ್ದಾದರೆ ನೂರು ವರ್ಷ ದಾಟುತ್ತವೆ. ಆಮೇಲಿನ ಬಣ್ಣದ ಫೋಟೊಗಳಲ್ಲಿರುವುದು ಸಾವಯವ ಬಣ್ಣಗಳು. ಬೆಳಕಿನಲ್ಲಿ ಬೇಗ, ಕತ್ತಲಲ್ಲಿ ನಿಧಾನವಾಗಿ, ಅಂತೂ ಮಾಸುತ್ತವೆ. ಅಜ್ಜನ ಮದುವೆ ಫೋಟೊ ಸ್ವಚ್ಛವಾಗಿದ್ದು ಮಗನ ಮದುವೆ ಫೋಟೊ ಕೆಂಪಗಾಗಿರುವುದು ಇದೇ ಕಾರಣಕ್ಕೆ. ಗೋಡೆಗೆ ಹಾಕಬೇಕೆಂದಿರುವುದನ್ನು ಸ್ಕ್ಯಾನ್ ಮಾಡಿಸಿ, ಪ್ರತಿಗೆ ಕಟ್ಟು ಹಾಕಿಸಿ, ಮೂಲವನ್ನು ಕಾಗದದ ಕವರಿನಲ್ಲಿಡಿ. ಪಶ್ಚಿಮದ ಬಿಸಿಲು ಬೀಳುವ ಗೋಡೆ ಬೇಡ. ಕಟ್ಟಿನ ಹಿಂದೆ ನಾಲ್ಕು ಮೂಲೆಗೆ ಬಿರಡೆಯ ತುಂಡು ಅಂಟಿಸಿದರೆ ಗೋಡೆಗೂ ಪಟಕ್ಕೂ ನಡುವೆ ಗಾಳಿಯಾಡಿ ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದಿಲ್ಲ.

ಇವೆಲ್ಲ ಕೈಯಿಂದ ಆಗುವ ಕೆಲಸ. ಫೋಟೊದಲ್ಲಿ ಇರುವವರು ಯಾರು ಎನ್ನುವುದು ಅತ್ತೆಯವರಿಗೆ ಮಾತ್ರ ಗೊತ್ತು. ಮರೆವಿನ ವಿಷಯವಾಗಿ ಮೊದಲು ವೈದ್ಯರಿಗೆ ತೋರಿಸಿ. ಜೊತೆಗೆ ಇದೂ ತಿಳಿದಿರಲಿ: ವಯಸ್ಸಾದವರ ಮರೆವಿನಲ್ಲಿ ಸಾಮಾನ್ಯವಾಗಿ ಬೆಳಗಿನ ತಿಂಡಿ ಮೊದಲು ಮರೆಯುತ್ತದೆ, ಐವತ್ತು ವರ್ಷದ ಹಿಂದಿನ ಹಬ್ಬದಡುಗೆ ಬಹಳ ಕಾಲ ಉಳಿದಿರುತ್ತದೆ. ದಿನಕ್ಕೆ ಒಂದೇ ಫೋಟೊ ತೆಗೆಯಿರಿ. ಮಧ್ಯಾಹ್ನ, ಕಿಟಕಿಯ ಬೆಳಕಿನಲ್ಲಿ. ‘ಇದು ಯಾರು ಹೇಳಿ ನೋಡೋಣ’ ಎಂದು ಮಾತ್ರ ಕೇಳಬೇಡಿ. ಅದು ಪರೀಕ್ಷೆಯಾಗುತ್ತದೆ, ಉತ್ತರ ಬರದಾಗ ಅವರ ಮುಖ ಹೇಗೆ ಬಾಡುತ್ತದೆಂದು ಮೂವತ್ತು ವರ್ಷ ಪ್ರಶ್ನೆ ಕೇಳಿಯೇ ಹೊಟ್ಟೆ ಹೊರೆದ ನನಗೆ ಗೊತ್ತು. ‘ಈ ಸೀರೆ ಬಣ್ಣ ಏನಿತ್ತು ಅತ್ತೆ?’ ಎಂದು ಕೇಳಿ. ಪಾವು ಅವರ ಕೈಯಲ್ಲಿ ಕೊಟ್ಟು ಸುಮ್ಮನೆ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯಿರಿ. ಮಾತು ಬರುವಾಗ ಬರುತ್ತದೆ. ಹಿಂದುಮುಂದಾಗಿ ಬರಲಿ, ತಿದ್ದಬೇಡಿ. ಮೊಮ್ಮಕ್ಕಳಿದ್ದರೆ ಮೊಬೈಲಿನಲ್ಲಿ ಅಜ್ಜಿಯ ಧ್ವನಿ ಮುದ್ರಿಸಿಕೊಳ್ಳಲಿ.

ಆಮೇಲೆ ಫೋಟೊದ ಹಿಂಬದಿಯಲ್ಲಿ ಬರೆಯಿರಿ. ಬಾಲ್‌ಪೆನ್ ಬೇಡ, ಅದರ ಶಾಯಿ ಹರಡುತ್ತದೆ, ಒತ್ತಿದ ಗುರುತು ಮುಂಬದಿಗೂ ಮೂಡುತ್ತದೆ. ಮೆತ್ತನೆಯ ಪೆನ್ಸಿಲ್ ಒಳ್ಳೆಯದು; ಅದರ ಕಡ್ಡಿ ಗ್ರಾಫೈಟ್, ಚಿತ್ತಾರದ ಸುಟ್ಟ ಅಕ್ಕಿಯಂತೆ ಅದೂ ಇಂಗಾಲವೇ. ಈಚಿನ ಬಣ್ಣದ ಫೋಟೊಗಳ ಬೆನ್ನು ಪ್ಲಾಸ್ಟಿಕ್‌ನಂತೆ ನುಣುಪಾಗಿದ್ದು ಪೆನ್ಸಿಲ್ ಹಿಡಿಯುವುದಿಲ್ಲ, ಅಂಥವಕ್ಕೆ ಚೀಟಿ ಬರೆದು ಕವರಿನೊಳಗಿಡಿ. ಎಡದಿಂದ ಬಲಕ್ಕೆ ಒಬ್ಬೊಬ್ಬರ ಹೆಸರು, ಅತ್ತೆಯವರಿಗೆ ಏನಾಗಬೇಕು, ಊರು. ವರ್ಷ ನೆನಪಾಗದಿದ್ದರೆ ಅವರನ್ನು ಒತ್ತಾಯಿಸಬೇಡಿ. ‘ಬಾವಿ ತೋಡಿಸಿದ ವರ್ಷ’ ಎಂದರೆ ಬಾವಿ ತೋಡಿಸಿದ ವರ್ಷ ಎಂದೇ ಬರೆಯಿರಿ.